ಪಾಲಾಕ್ಷನ ಕೈಗೆ ಕೊಡದೆ ಆರಿಸಿದ ಗೇಮಿಂಗ್ ಪಿಸಿ

ಚಳ್ಳಕೆರೆ,
ಫೆಬ್ರವರಿ 30, 2171

ಅಂಗಡಿಯಲ್ಲಿ ನಿಂತು ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ ಆರಿಸುತ್ತಿರುವವರಿಗೆ ಗಂಗಾಂಬಿಕೆಯ ನಮಸ್ಕಾರಗಳು.

ತಾರೀಕು ತಪ್ಪಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ವರ್ಷದ ಕೊನೆಗೆ ರಜೆ. ನನ್ನ ಬರವಣಿಗೆಯಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದಾವು, ಮನ್ನಿಸಬೇಕು. ನೀವು ಕೊಳ್ಳಲು ಹೊರಟ ವಸ್ತುವನ್ನು ನಾವು ಅಂಗೈಯಾಟ ಅನ್ನುತ್ತೇವೆ. ಈಗಿನ ಯಂತ್ರಗಳಿಗೆ ಗುಂಡಿಗಳಿಲ್ಲ. ಕಣ್ಣು ಹೊರಳಿಸಿದರೆ ಸಾಕು, ಕೆಲಸ ಆಗುತ್ತದೆ. ಹಾಗಾಗಿ ಬೆರಳಿಗೆ ಕೆಲಸ ಕೊಡಬೇಕಾದವರು ನಿಮ್ಮ ಕಾಲದ ಹಳೆಯ ಅಂಗೈಯಾಟಗಳನ್ನೇ ಹುಡುಕಿಕೊಂಡು ಹೋಗಬೇಕು. ನಾನು ಹೋದದ್ದೂ ಅದಕ್ಕೇ.

ನನ್ನ ತಮ್ಮ ಪಾಲಾಕ್ಷ ಗಾಳಿಯಂತ್ರಗಳ ಕಂಬ ಹತ್ತಿ ರಿಪೇರಿ ಮಾಡುವವನು. ಹೋದ ವರ್ಷ ಹಗ್ಗ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಮೂಳೆ ಕೂಡಿತು, ಆದರೆ ಹೆಬ್ಬೆರಳು, ತೋರುಬೆರಳು ಅವನ ಮಾತು ಕೇಳಲಿಲ್ಲ. ಅಲ್ಲಿಂದ ಆರು ತಿಂಗಳಿಗೆ ಹಿಡಿತದ ಪರೀಕ್ಷೆ. ಅದರಲ್ಲಿ ಪಾಸಾದರೆ ಮತ್ತೆ ಕಂಬ ಹತ್ತಬಹುದು, ಇಲ್ಲವಾದರೆ ಅವನ ಜಾಗ ಇನ್ನೊಬ್ಬರಿಗೆ. “ದಿನಾ ಎರಡು ಗಂಟೆ ಗುಂಡಿ ಒತ್ತಿ ಆಟ ಆಡಲಿ. ಬೇಜಾರಾಗದ ಹಾಗೆ ಬೆರಳು ಪಳಗಿಸೋಕೆ ನನಗೆ ಬೇರೆ ದಾರಿ ಗೊತ್ತಿಲ್ಲ,” ಅಂದರು ಫಿಸಿಯೋಥೆರಪಿ ಮೇಡಂ.

ನಿಮ್ಮ ಕಾಲದ ಸಾಮಾನುಗಳನ್ನು ಒರೆಸಿ, ಅಷ್ಟೋ ಇಷ್ಟೋ ಸರಿಮಾಡಿ ಮನೆಗೊಂದರಂತೆ ಹಂಚುವ ಜಾಗಕ್ಕೆ ಮರುಮನೆ ಎಂದು ಹೆಸರು. ಅಕ್ಕ ತಮ್ಮ ಇಬ್ಬರೂ ಹೋದೆವು. ಮೇಜಿನ ಮೇಲೆ ಮೂರಿದ್ದವು. ಒಂದರ, ಹೆಬ್ಬೆರಳಿನಿಂದ ಹೊರಳಿಸುವ ಸ್ಟಿಕ್ ಮುಟ್ಟದಿದ್ದರೂ ತಾನಾಗಿ ಎಡಕ್ಕೆ ಎಳೆಯುತ್ತಿತ್ತು, ಅದನ್ನು ಬಿಟ್ಟೆವು. ಇನ್ನೊಂದು ಅಗಲ ಪರದೆಯದು, ಎಲ್ಲೂ ಬೆಸುಗೆ ಕಾಣದಷ್ಟು ನುಣುಪು, ಬಣ್ಣಗಳಂತೂ ಕಣ್ಣು ಕೀಳಲಾಗದ ಹಾಗೆ. ಮೂರನೆಯದು ದಪ್ಪನೆಯದು, ಮಂಕು ಪರದೆಯದು. ಬೆನ್ನಿನಲ್ಲಿ ನಾಲ್ಕು ಸ್ಕ್ರೂ, ಎರಡೂ ಪಕ್ಕ ಅಂಗೈ ಕೂರುವಂಥ ಉಬ್ಬು. ಪಾಲಾಕ್ಷ ಅದನ್ನೇ ನೋಡುತ್ತಿದ್ದ.

“ಅಕ್ಕ, ಒಂದ್ಸಲ ಕೈಗೆ ಕೊಡು. ಹಿಡಿದು ನೋಡ್ತೀನಿ.”

“ಬೀಳಿಸಿಬಿಟ್ಟೀಯ, ಸುಮ್ನಿರು. ನಾನು ನೋಡ್ತಿದ್ದೀನಲ್ಲ.”

ಹಿಂದೆ ಜನ ನಿಂತಿದ್ದರು. ಅವರೆದುರು ಅವನ ಕೈ ನಡುಗುವುದು ನನಗೆ ಬೇಡವಾಗಿತ್ತು, ನಿಜ ಹೇಳಬೇಕೆಂದರೆ ಅಷ್ಟೇ. ಅಗಲ ಪರದೆಯದನ್ನು ಎತ್ತಿಕೊಂಡೆ. “ನೋಡ್ಕೊಳಮ್ಮ, ತಿರುಗಿ ತಗೊಳಲ್ಲ,” ಅಂದ ಮರುಮನೆಯ ಕಾಟಯ್ಯ. ನಮ್ಮ ಹಿಂದಿದ್ದ ಹಂಪಮ್ಮ ಅನ್ನುವ ಮುದುಕಿ ಆ ದಪ್ಪನೆಯದನ್ನು ತೆಗೆದುಕೊಂಡು ಹೋದಳು.

ಮನೆಗೆ ತಂದು ಹಚ್ಚಿದರೆ ಅದು ಮೊದಲು ಕೇಳಿದ್ದು ಅಕೌಂಟು, ಪಾಸ್‌ವರ್ಡು. ಯಾರ ಅಕೌಂಟು? ಅದನ್ನು ಮಾಡಿದ ಕಂಪನಿ ಮುಚ್ಚಿ ತೊಂಬತ್ತು ವರ್ಷವಾಗಿದೆ. ಆ ಒಂದು ಪರದೆ ದಾಟಿಸುವವರನ್ನು ಹುಡುಕಲು ಹಿರಿಯೂರಿನವರೆಗೆ ಅಲೆದು ಒಂದು ತಿಂಗಳು ಕಳೆದೆ. ಆಮೇಲೆ ಅದರ ಭಾರ. ಹತ್ತು ನಿಮಿಷಕ್ಕೆ ಪಾಲಾಕ್ಷನ ಮಣಿಕಟ್ಟು ಸೋತು ಬಗ್ಗುತ್ತಿತ್ತು. ತೊಡೆಯ ಮೇಲೆ ದಿಂಬಿಟ್ಟು ಆಡಿಸಿದೆ. ಅಷ್ಟರಲ್ಲಿ ಬ್ಯಾಟರಿ ಖಾಲಿ. ಹೊಸದು ಹಾಕಿಸೋಣವೆಂದರೆ ಬಿಚ್ಚಲು ಒಂದು ಸ್ಕ್ರೂ ಇಲ್ಲ, ಸುತ್ತಲೂ ಅಂಟು. ರಿಪೇರಿಯವನು ವಾರಗಟ್ಟಲೆ ಇಟ್ಟುಕೊಂಡು ಕೊನೆಗೆ ಬಿಸಿ ಮಾಡಿ ಎಬ್ಬಿಸಲು ಹೋದ. ಪರದೆ ಅಡ್ಡಕ್ಕೆ ಸೀಳಿತು. “ಬಿಚ್ಚಲಿ ಅಂತ ಇದನ್ನ ಮಾಡೇ ಇಲ್ಲಮ್ಮ,” ಅಂದ.

ಯಾಕೆ ಮಾಡಲಿಲ್ಲ? ನಾಲ್ಕು ಸ್ಕ್ರೂಗೆ ನಿಮ್ಮಲ್ಲಿ ಬರಗಾಲವಿತ್ತೆ? ಅಂಟು ಹಾಕಿ ಮುಚ್ಚಿದವರು, ಅದನ್ನೇ ಚೆಂದವೆಂದು ಮೆಚ್ಚಿ ಕೊಂಡವರು, ಒಬ್ಬರಾದರೂ ಕೇಳಿದಿರಾ? ಜಗಳವಾಡೋಣವೆಂದರೆ ನೀವೆಲ್ಲ ಸತ್ತುಹೋಗಿದ್ದೀರಿ. ಕಾಟಯ್ಯನ ಹತ್ತಿರ ಹೋಗಿ ಕೂಗಾಡಿದೆ, ಅವನು ಕದ ಹಾಕಿಕೊಂಡ. ಆಗ ಪಾಲಾಕ್ಷನೇ, “ಆ ಅಜ್ಜಿ ಮನೆ ಕೇಳೋಣ ನಡಿ,” ಅಂದ. ಅಷ್ಟರಲ್ಲಿ ನಾಲ್ಕು ತಿಂಗಳು ಹೋಗಿದ್ದವು.

ಹಂಪಮ್ಮನಿಗೆ ಎಪ್ಪತ್ನಾಲ್ಕು ವರ್ಷ. ಕಾರು ಓಡಿಸುವ ಆಟದ ಹುಚ್ಚು. ಬ್ಯಾಟರಿಯನ್ನು ಅಂಗಳದಲ್ಲಿ ಕೂತು ತಾನೇ ಬದಲಾಯಿಸಿಕೊಂಡಿದ್ದಳು. ನನ್ನ ಮಾತು ಪೂರ್ತಿ ಕೇಳಿ, ಯಂತ್ರವನ್ನು ನನಗಲ್ಲ, ನೇರವಾಗಿ ಪಾಲಾಕ್ಷನ ಕೈಗೆ ಕೊಟ್ಟಳು. ಕೊಟ್ಟ ಕೂಡಲೇ ಅದು ಚಾಪೆಯ ಮೇಲೆ ಬಿತ್ತು. ನಾನು ಹಾರಿ ಹಿಡಿಯಲು ಹೋದೆ.

“ನೀನು ಬಿಡವ್ವ. ಬಿದ್ರೆ ಬಿತ್ತು, ಅವನೇ ಎತ್ಕೊಳ್ಳಲಿ,” ಅಂದಳು. “ಬೆಳಗ್ಗೆ ನಾನು ಆಡ್ಕೊತೀನಿ, ಮಧ್ಯಾಹ್ನ ನೀನು ಬಾರಪ್ಪ. ನನ್ನ ಆಟ ಮಾತ್ರ ಅಳಿಸಬೇಡ.”

ಎರಡೇ ತಿಂಗಳು ಸಿಕ್ಕಿತು. ಪರೀಕ್ಷೆಯಲ್ಲಿ ಕಬ್ಬಿಣದ ಕೊಂಡಿಯನ್ನು ಒಂದು ನಿಮಿಷ ಹಿಡಿದಿರಬೇಕಿತ್ತು. ನಲವತ್ತೊಂದು ಸೆಕೆಂಡಿಗೆ ಬೆರಳು ಬಿಚ್ಚಿಕೊಂಡವು. ಪರೀಕ್ಷೆ ಒಂದೇ ಸಲ, ಅದು ನಿಯಮ. ಈಗ ಅವನು ಕಂಬದ ಬುಡದಲ್ಲಿ ಕೂತು ಬೇರೆಯವರು ಹತ್ತುವ ಹಗ್ಗಗಳನ್ನು ಸುತ್ತಿಡುತ್ತಾನೆ. ಹೋದ ವಾರ ಅಂಗಿಯ ಗುಂಡಿಯನ್ನು ಬಲಗೈಯಿಂದಲೇ ಹಾಕಿಕೊಂಡ. “ನಾನು ನಿನಗೆ ಮೋಸ ಮಾಡಿದೆ ಕಣೋ,” ಅಂದೆ. “ಹೋಗ್ಲಿ ಬಿಡಕ್ಕ,” ಅಂದು ಹಂಪಮ್ಮನ ಮನೆಗೆ ಹೊರಟ. ಅವನು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನೀವು ಆರಿಸುವ ಯಂತ್ರ ನಿಮ್ಮ ಬಳಿಕವೂ ಉಳಿಯುತ್ತದೆ, ನಿಮಗೆ ಗುರುತಿಲ್ಲದ ಯಾರದೋ ಮಡಿಲಿಗೆ ಬಂದು ಬೀಳುತ್ತದೆ. ಬಿಚ್ಚಲು ಬರುವಂಥದ್ದನ್ನು ಕೊಳ್ಳಿ. ಆಡುವವರು ಯಾರೋ ಅವರೇ ಆರಿಸಲಿ, ನೀವು ಸುಮ್ಮನೆ ಪಕ್ಕದಲ್ಲಿ ನಿಂತಿರಿ. ನಿಮಗೆ ಒಳ್ಳೆಯದಾಗಲಿ ಎಂದು ಬರೆಯಲು ಇನ್ನೂ ಮನಸ್ಸು ಒಪ್ಪುತ್ತಿಲ್ಲ. ಆದರೂ ಬರೆಯುತ್ತೇನೆ, ಒಳ್ಳೆಯದಾಗಲಿ.

ಗಂಗಾಂಬಿಕೆ