ನನ್ನ ಹೆಂಡತಿ ಸಿದ್ದಿಯೋ ಅಲ್ಲವೋ, ಹೇಳಿಬಿಡಿ

ಸರ್ಕಾರಕ್ಕೆ ಕಾನೂನು ಸಲಹೆ ಕೊಡುವ ಮಾನ್ಯರೇ,

ಮೊನ್ನೆ ನನ್ನ ಕನಸಿನಲ್ಲಿ ನೀವು ನಮ್ಮ ಸಿದ್ದಿ ಕೇರಿಗೆ, ಅಂದರೆ ನಮ್ಮ ವಾಡದ ಅಂಗನವಾಡಿಗೆ ಬಂದಿದ್ದಿರಿ. ಕೂಸುಗಳ ತೂಕ ನೋಡಲು ತೊಲೆಗೆ ನೇತುಹಾಕುವ ತಕ್ಕಡಿ ಇರುತ್ತದಲ್ಲ, ಅದರ ಬಟ್ಟೆಯ ಚೀಲದಲ್ಲಿ ನನ್ನ ಹೆಂಡತಿ ಲೂಸಿಯನ್ನು ಕೂರಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದಿರಿ. ಮುಳ್ಳು ನಿಲ್ಲಲೊಲ್ಲದು. ನಾನು ಕೆಳಗೆ ನಿಂತು, "ಸಾಹೇಬ್ರ, ಆಕಿ ಕಾಲು ನೆಲಕ್ಕ ತಾಗ್ಯಾವ್ರಿ, ತೂಕ ತಪ್ಪು ಬರ್ತೈತಿ" ಎಂದು ಒದರುತ್ತಿದ್ದೆ. ನೀವು ಕನ್ನಡಕ ಒರೆಸಿಕೊಂಡು, "ಪರಿಶೀಲನೆಯಲ್ಲಿದೆ" ಎಂದಿರಿ. ಬೆಳಿಗ್ಗೆ ಚಹಾ ಕುಡಿಯುತ್ತ ಈ ಕನಸನ್ನು ಲೂಸಿಗೆ ಹೇಳಿದೆ. ಆಕೆ, "ನಿಮ್ಮ ಕನಸಿನ್ಯಾಗೂ ನನಗ ನೌಕರಿ ಸಿಗಲಿಲ್ಲೇನು?" ಎಂದು ಕೇಳಿ ಲೋಟ ತೊಳೆಯಲು ಎದ್ದುಹೋದಳು.

ವಿಷಯ ಇಷ್ಟೇ. ಲೂಸಿ ನಮ್ಮ ವಾಡದ ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಆಯ್ಕೆಯಾದವಳು. ಅದು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಹುದ್ದೆ. ಆಕೆ ಹುಟ್ಟಿನಿಂದ ಸಿದ್ದಿ, ಉತ್ತರ ಕನ್ನಡದ ಸಿದ್ದಿಗಳು ಆ ಪಂಗಡಗಳ ಪಟ್ಟಿಯಲ್ಲಿದ್ದಾರೆ. ಆದರೆ ಆಕೆ ಭಾನುವಾರ ಚರ್ಚಿಗೆ ಹೋಗುತ್ತಾಳೆ. ಚರ್ಚಿಗೆ ಹೋಗುವ ಸಿದ್ದಿ ಸಿದ್ದಿಯಾಗಿಯೇ ಉಳಿಯುತ್ತಾಳೋ ಇಲ್ಲವೋ ಎಂದು ಇಲ್ಲಿನ ಕಚೇರಿ ನಿಮ್ಮನ್ನು ಕೇಳಿತು. ಹೋದ ವರ್ಷದ ಮಳೆಗಾಲದಲ್ಲಿ ಕೇಳಿದ್ದು, ಇನ್ನೊಂದು ಮಳೆಗಾಲ ಬಂದು ಹೋಯಿತು. ಸೂಪಾದಲ್ಲಿ ಕಾಳಿ ನದಿಯನ್ನು ತಡೆದು ನಿಲ್ಲಿಸಿದ ಸರ್ಕಾರಕ್ಕೆ ಒಂದು 'ಹೌದು' ಅಥವಾ ಒಂದು 'ಅಲ್ಲ' ಹೊರಗೆ ಬಿಡಲು ಇಷ್ಟು ಕಷ್ಟವೇ?

ನಾನು ಯಾರು ಎಂದು ಹೇಳಿಬಿಡುತ್ತೇನೆ, ನೀವು ವಿಚಾರಿಸುವ ತ್ರಾಸ ತಪ್ಪಲಿ. ನಾನು ಮೂರು ಗಾಲಿಯ ಟಂಟಂ ಗಾಡಿ ಓಡಿಸುತ್ತೇನೆ. ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಗೋವಿನಜೋಳದ ಚೀಲ ಹೇರಿಕೊಂಡು ಹಳಿಯಾಳಕ್ಕೆ ಬರುವುದು, ಬಾಡಿಗೆ ಸಿಕ್ಕರೆ ದಾಂಡೇಲಿಗೆ ಹೋಗುವುದು ನನ್ನ ಕೆಲಸ. ಗಾಡಿ ನಿಲ್ಲಿಸಿ ನಾಲ್ಕು ಮಾರು ನಡೆದ ಮೇಲೆ ಬ್ರೇಕ್ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುವ ಮನುಷ್ಯ ನಾನು. ನೋಡಿ ಹೋದ ಮೇಲೆ, ನೋಡುವಾಗ ಕೈತಾಗಿ ಸಡಿಲಾಯಿತೋ ಏನೋ ಎಂದು ಮತ್ತೆ ಬರುತ್ತೇನೆ. ಅಪ್ಪ ಕಾಡಿನ ಕೂಪಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋದ ಹೋದಲ್ಲೆಲ್ಲ ನಾವೂ ಗಂಟು ಕಟ್ಟುತ್ತಿದ್ದೆವು, ಹೀಗಾಗಿ ಒಂದು ಇಯತ್ತೆಯನ್ನು ಮೂರು ಶಾಲೆಗಳಲ್ಲಿ ಕಲಿತು ಒಂದರಲ್ಲೂ ಮುಗಿಸಲಿಲ್ಲ. ಆರಕ್ಕೆ ಬಿಟ್ಟೆ. ಸಂವಿಧಾನದ ಪಾಠ ಏಳರಲ್ಲಿತ್ತಂತೆ. ನೀವು ಏಳನ್ನು ದಾಟಿ ಬಹಳ ಮುಂದೆ ಹೋದವರು, ಅದಕ್ಕೇ ನಿಮ್ಮನ್ನು ಕೇಳಬೇಕಾಗಿದೆ.

ಈ ಗೊಂದಲದಲ್ಲಿ ನನ್ನ ಬಾಯಿಯ ಪಾಲೂ ಇದೆ. ಸ್ಥಳ ಪರಿಶೀಲನೆಗೆ ತಾಲ್ಲೂಕು ಕಚೇರಿಯ ಸಾಹೇಬರು ಬಂದ ದಿನ ನಮ್ಮ ಮನೆಯಲ್ಲಿ ಹಿರಿಯರ ಎಡೆ ಇತ್ತು. ಸತ್ತ ಹಿರಿಯರ ಹೆಸರಿನಲ್ಲಿ ಮೂಲೆಯಲ್ಲಿ ಒಂದು ತೆಂಗಿನಕಾಯಿ ಇಟ್ಟು, ಮಾಡಿದ ಅಡುಗೆಯನ್ನು ಅದರ ಮುಂದೆ ಬಡಿಸಿ, ಆಮೇಲೆ ಎಲ್ಲರೂ ಉಣ್ಣುವುದು ನಮ್ಮ ಪದ್ಧತಿ. ಮನೆಗೆ ಹಿರಿಯ ಸೊಸೆಯಾದವಳೇ ಕಾಯಿ ಇಡಬೇಕು, ಅಂದರೆ ಲೂಸಿ. ಕೊರಳಲ್ಲಿ ಶಿಲುಬೆ, ಕೈಯಲ್ಲಿ ತೆಂಗಿನಕಾಯಿ. ಪಕ್ಕದಲ್ಲಿ ದೀಪ ಹಚ್ಚುತ್ತಿದ್ದವಳು ನನ್ನ ತಾಯಿ ಲಕ್ಷ್ಮೀದೇವಿ. ಟೋಪಿ ಹಾಕಿಕೊಂಡು ಗೋಡೆಗೆ ಆತು ಕೂತವನು ನನ್ನ ಅಪ್ಪನ ತಮ್ಮ ಅಬ್ದುಲ್ ಕಾಕಾ. ಕಾಕಾ ಮುಸಲ್ಮಾನರ ಮನೆಯ ಹೆಣ್ಣನ್ನು ಮದುವೆಯಾಗಿ ಆ ಕಡೆಯ ನಮಾಜನ್ನೇ ತನ್ನದು ಮಾಡಿಕೊಂಡವನು. ಸಾಹೇಬರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇದು ಯಾರ ದೇವರು?" ಎಂದರು.

"ದೇವರಲ್ರೀ ಸಾಹೇಬ್ರ, ನಮ್ಮಪ್ಪ" ಎಂದ ಕಾಕಾ.

"ನಿಮ್ಮಪ್ಪ ಯಾವ ಧರ್ಮದಂವ?"

"ಇದ್ದಾಗ ಕೂಪಿನ ಕೆಲಸದಂವ. ಸತ್ತ ಮ್ಯಾಲೆ ಏನಾಗ್ಯಾನ ಅಂತ ತಿಳಿಸಿಲ್ರಿ."

ಅಷ್ಟಕ್ಕೆ ಬಿಟ್ಟಿದ್ದರೆ ಸಾಹೇಬರು ನಕ್ಕು, ಊಟ ಮಾಡಿ ಹೋಗುತ್ತಿದ್ದರು. ಆದರೆ ಕಡಿಮೆ ಹೇಳಿದರೆ ಏನೋ ಮುಚ್ಚಿಟ್ಟಿದ್ದಾನೆ ಅಂದಾರು ಎಂಬ ಅಂಜಿಕೆ ನನಗೆ. ಕೇಳದಿದ್ದುದನ್ನೂ ಹೇಳತೊಡಗಿದೆ. ನಮ್ಮ ಮದುವೆ ಚರ್ಚಿನಲ್ಲೂ ಆಯಿತು, ಅಂಗಳದಲ್ಲೂ ಆಯಿತು ಎಂದೆ. ಮಗನ ಹೆಸರು ಕೆವಿನ್, ಅದನ್ನು ಅವನ ಕಿವಿಯಲ್ಲಿ ಹೇಳಿದವಳು ನನ್ನ ತಾಯಿ, ಅವನ ತೊಟ್ಟಿಲು ಅಬ್ದುಲ್ ಕಾಕಾನ ಮನೆಯದು ಎಂದೆ. ಸಾಹೇಬರು ಬರೆಯುತ್ತಲೇ ಹೋದರು. ಲೂಸಿ ಹಿಂದಿನಿಂದ ಅಂಗಿ ಜಗ್ಗಿ, "ಸಾಕ್ರೀ, ಹಿತ್ತಲದಾಗಿನ ಆಡಿಂದೂ ಜಾತಿ ಹೇಳ್ತೀರೇನು?" ಎಂದಳು. ಹೊತ್ತು ಮೀರಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಸಂಶಯ ಕಾಗದದ ಮೇಲೆ ಕೂತಿತು. 'ಸ್ಪಷ್ಟೀಕರಣ ಅಗತ್ಯ' ಎಂಬ ಷರಾ ಹಾಕಿಸಿಕೊಂಡು ಕಡತ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ನಿಮ್ಮ ಮೇಜಿಗೆ ಹತ್ತಿತು.

ಒಮ್ಮೆ ನಿಮ್ಮ ಉತ್ತರ ಬಂತು. ಕಚೇರಿಯ ಅನ್ನಪೂರ್ಣಾ ಮೇಡಂ ನನ್ನೆದುರೇ ಓದಿದರು: "ಪ್ರಕರಣವನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಕ್ರಮ ವಹಿಸಬಹುದೆಂದು ಅಭಿಪ್ರಾಯಪಡಲಾಗಿದೆ."

"ಅಂದ್ರ ಏನ್ರೀ ಮೇಡಂ? ಆಗ್ತೈತೋ, ಇಲ್ಲೋ?" ಎಂದು ಕೇಳಿದೆ.

"ನಿಯಮ ಏನೈತಿ ಅಂತ ನಾವು ಕೇಳಿದ್ವಿ. ನಿಯಮ ಇದ್ದಂಗ ಮಾಡ್ರಿ ಅಂದಾರ" ಎಂದರು.

"ಮುಂದ?"

"ಮತ್ತ ಕೇಳೇವಿ. ನೀವು ಕೂಡ್ರಿ, ಚಹಾ ತರಸ್ತೇನಿ."

ಚಹಾ ಬಂತು, ಕುಡಿದೆ. ನಿಮ್ಮ ಎರಡನೆಯ ಉತ್ತರ ಇನ್ನೂ ಬಂದಿಲ್ಲ. ಮಾನ್ಯರೇ, ಈ ವಿದ್ಯೆಗೆ ನಾನು ಮರುಳಾದೆ. ಯಾರಾದರೂ ದಾಂಡೇಲಿಗೆ ದಾರಿ ಯಾವುದು ಎಂದು ಕೇಳಿದರೆ, "ದಾರಿ ಹೋದಂತೆ ಹೋಗಬಹುದೆಂದು ಅಭಿಪ್ರಾಯಪಡುತ್ತೇನೆ" ಎಂದು ನಾನೂ ಹೇಳಬಹುದಿತ್ತು. ಹೇಳಿದರೆ ಹೊಡೆತ ತಿನ್ನುತ್ತಿದ್ದೆ. ನಿಮಗೆ ಹಾಗೆ ಹೇಳುವ ಧೈರ್ಯ ಎಲ್ಲಿಂದ ಬರುತ್ತದೆ?

ಹಳಿಯಾಳದಲ್ಲಿ ಉಚಿತ ಕಾನೂನು ನೆರವಿನ ಶಿಬಿರವಾದಾಗ ವಕೀಲೆ ರಾಜಶ್ರೀ ಅವರ ಮುಂದೆ ಹೋಗಿ ನಿಂತೆ. ಅವರು ವಿಷಯ ಕೇಳಿ, "ಪರಿಶಿಷ್ಟ ಜಾತಿಗೆ ಧರ್ಮದ ಷರತ್ತು ಐತ್ರಿ, ಪರಿಶಿಷ್ಟ ಪಂಗಡಕ್ಕ ಇಲ್ಲ. ಒಂದರ ಷರತ್ತು ತಂದು ಇನ್ನೊಂದಕ್ಕ ಹಚ್ಯಾರ, ಇಷ್ಟ" ಎಂದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಇಷ್ಟು ಸುಲಭವಾದದ್ದಾದರೆ ದೊಡ್ಡವರು ಇಷ್ಟು ದಿನ ಯಾಕೆ ಯೋಚಿಸುತ್ತಿದ್ದರು ಎಂದು ಹೊಸ ಚಿಂತೆ ಹತ್ತಿತು. ಎರಡು ಸಲ ತಿರುಗಿ ಹೋಗಿ ಕೇಳಿದೆ. ಮೂರನೆಯ ಸಲ ಅವರು ನನ್ನನ್ನು ದೂರದಿಂದಲೇ ಕಂಡು, "ಇಲ್ಲರೀ ಅಣ್ಣಾರ, ಕಾನೂನು ಇನ್ನೂ ಬದಲಾಗಿಲ್ಲ" ಎಂದು ಕೈ ಮುಗಿದರು.

ಅಷ್ಟರಲ್ಲಿ ನಿಮ್ಮ ಮೌನ ನಮ್ಮ ಮನೆಯೊಳಗೆ ಬಂದು ಕೂತಿತ್ತು. ಇನ್ನೊಮ್ಮೆ ತನಿಖೆಗೆ ಬಂದಾರು, ಶಿಲುಬೆ ತೆಗೆದಿಡು ಎಂದು ಲೂಸಿಗೆ ಹೇಳಿದೆ. "ಹಂಗಾರ ನೀವ ಹಾಕ್ಕೊಳ್ರಿ, ನಿಮಗ ಹ್ಯಾಂಗೂ ಯಾರೂ ನೌಕರಿ ಕೊಡೂದಿಲ್ಲ" ಎಂದಳು. ಆಕೆ ದಿನಾ ಮಧ್ಯಾಹ್ನ ವಾಡದ ಮಕ್ಕಳನ್ನು ನಮ್ಮ ಕಟ್ಟೆಯ ಮೇಲೆ ಕೂರಿಸಿ ಹಾಡು ಹೇಳಿಕೊಡುತ್ತಾಳೆ, ಯಾಕೆಂದರೆ ಪಕ್ಕದ ಊರಿನ ಕಾರ್ಯಕರ್ತೆ ಹೆಚ್ಚುವರಿ ಹೊಣೆ ಹೊತ್ತು ಬಂದ ದಿನವಷ್ಟೇ ನಮ್ಮ ಅಂಗನವಾಡಿಯ ಬಾಗಿಲು ತೆರೆಯುತ್ತದೆ. ಆದೇಶವಿಲ್ಲದೆ ಮಕ್ಕಳಿಗೆ ಹಾಡು ಕಲಿಸುವುದು ಯಾವ ಕಲಮಿನಲ್ಲಿ ಬರುತ್ತದೋ ಎಂದು ನಾನು ಕಟ್ಟೆಯ ಸುತ್ತ ಓಡಾಡುತ್ತಿರುತ್ತೇನೆ. ಮಕ್ಕಳು ಅದೂ ಹಾಡಿನ ಭಾಗವೆಂದು ತಿಳಿದು ನನ್ನ ಹಿಂದೆ ಸುತ್ತು ಹಾಕುತ್ತವೆ.

ಈ ವರ್ಷ ಹಿರಿಯರ ಎಡೆ ಬಂದಾಗ, ಅಭಿಪ್ರಾಯ ಬರುವ ತನಕ ಬೇಡ, ಮುಂದಕ್ಕೆ ಹಾಕೋಣ ಎಂದೆ. ಅಬ್ದುಲ್ ಕಾಕಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಆಮೇಲೆ, "ಉದಯಾ, ನಮ್ಮಪ್ಪಗ ಒಂದ್ ತುತ್ತು ಇಡಾಕ ಬೆಂಗಳೂರಿನ ಪರವಾನಗಿ ಬೇಕೇನೋ?" ಎಂದ. ಲೂಸಿ ಎಂದಿನಂತೆ ಕಾಯಿ ಇಟ್ಟಳು, ಬಡಿಸಿದಳು, ಎಲ್ಲರೂ ಉಂಡರು. ನಾನು ಮಾತ್ರ ಸಾಹೇಬರ ಜೀಪು ಬಂದೀತೆಂದು ರಸ್ತೆಯ ತಿರುವಿನಲ್ಲಿ ಕಾವಲು ನಿಂತಿದ್ದೆ. ನನ್ನಜ್ಜನ ಊಟಕ್ಕೆ ನಾನೇ ಹೊರಗಿನವನಾದೆ. ಆ ಮನೆಯಲ್ಲಿ ಪಂಗಡದಿಂದ ಹೊರಬಿದ್ದವರು ಯಾರಾದರೂ ಇದ್ದರೆ ಅದು ಲೂಸಿಯಲ್ಲ. ಈ ಒಂದು ಅಂಶವನ್ನು ನಿಮ್ಮ ಕಡತಕ್ಕೆ ಸೇರಿಸಿಕೊಳ್ಳಬಹುದು.

ನಾನು ಕೇಳುವುದು ದಯೆಯನ್ನಲ್ಲ. ಹೌದಾದರೆ ಹೌದು ಎಂದು ಬರೆಯಿರಿ, ಲೂಸಿಗೆ ಆದೇಶ ಕೊಡಲಿ. ಅಲ್ಲವಾದರೆ ಅಲ್ಲ ಎಂದು ಬರೆದು, ಯಾವ ಕಾನೂನಿನ ಯಾವ ಸಾಲು ಹಾಗೆ ಹೇಳುತ್ತದೆ ಎಂದು ತೋರಿಸಿ. 'ಅಲ್ಲ' ಎಂದರೆ ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು, ರಾಜಶ್ರೀ ವಕೀಲರು ಬರುತ್ತೇನೆ ಎಂದಿದ್ದಾರೆ. 'ನಿಯಮಾನುಸಾರ' ಎಂಬುದರ ವಿರುದ್ಧ ಯಾವ ಕೋರ್ಟಿನ ಮೆಟ್ಟಿಲು ಹತ್ತುವುದು? ಜೋಯಿಡಾ, ಮುಂಡಗೋಡಗಳ ವಾಡಗಳಲ್ಲೂ ಚರ್ಚಿಗೆ, ಮಸೀದಿಗೆ ಹೋಗುವ ಸಿದ್ದಿಗಳಿದ್ದಾರೆ. ನಾಳೆ ಅವರ ಕಡತಗಳೂ ಇದೇ ದಾರಿ ಹಿಡಿದು ಬಂದಾವು. ನಿಮ್ಮ ಮೇಜಿನ ಮೇಲೆ ಜಾಗವಿದೆಯೇ?

ಇಂತಿ,
ತಮ್ಮ ಅಭಿಪ್ರಾಯ ಬರುವವರೆಗೆ ತಾತ್ಕಾಲಿಕವಾಗಿ ಸಿದ್ದಿ, ತಾತ್ಕಾಲಿಕವಾಗಿ ಗಂಡ, ಚಿಂತೆಯಲ್ಲಿ ಮಾತ್ರ ಕಾಯಂ ಆದ
ಉದಯಕುಮಾರ ಸಿದ್ದಿ
ಟಂಟಂ ಚಾಲಕ, ಹಳಿಯಾಳ ತಾಲ್ಲೂಕು

ವಿ.ಸೂ.: ಸಹಿ ಹಾಕಿದ ಮೇಲೆ ಒಂದು ನೆನಪಾಯಿತು. ಈ ಹುದ್ದೆಗೆ ವಯಸ್ಸಿನ ಮಿತಿ ಇದೆ. ಅರ್ಜಿ ಹಾಕಿದಾಗ ಲೂಸಿ ಅದರ ಒಳಗಿದ್ದಳು, ಬರುವ ಕ್ರಿಸ್‌ಮಸ್ಸಿಗೆ ಮೊದಲು ದಾಟುತ್ತಾಳೆ. ವಯಸ್ಸು ಲೆಕ್ಕ ಹಿಡಿಯುವುದು ಅರ್ಜಿ ಹಾಕಿದ ದಿನಕ್ಕೇ ತಾನೇ, ಆದೇಶ ಕೊಡುವ ದಿನಕ್ಕಲ್ಲವಲ್ಲ? ದಯವಿಟ್ಟು ಇದನ್ನು ಹೊಸ ಪ್ರಶ್ನೆಯೆಂದು ತಿಳಿದು ಯಾರ ಅಭಿಪ್ರಾಯಕ್ಕೂ ಕಳಿಸಬೇಡಿ. ನೇಮಕಾತಿಯ ಪ್ರಕಟಣೆಯನ್ನು ನೀವೇ ತೆರೆದು, ಆ ಒಂದು ಸಾಲನ್ನಷ್ಟೇ ಇನ್ನೊಮ್ಮೆ ನೋಡಿಬಿಡಿ.