ವಾಡಿ ಸ್ಟೇಷನ್ನಿನಲ್ಲಿ ಓಡಿಹೋದ ಬೀಗರು

ವಾಡಿ,
ಬುಧವಾರ, ಫೆಬ್ರುವರಿ ೧೨

ಸೌಭಾಗ್ಯವತಿ ಭಾಮಾಳಿಗೆ,

ಬಹಳ ವರ್ಷಗಳ ಮೇಲೆ ಬರೆಯುತ್ತಿರುವುದರಿಂದ ಮೊದಲ ಪದಕ್ಕೇ ಕೈ ತಡೆಯಿತು. ನಿನ್ನ ಹೆಸರಿನ ಹಿಂದೆ ಈ ಮಾತು ನನ್ನಿಂದಾಗಿ ಉಳಿದಿದೆ, ಅಥವಾ ನನ್ನ ಹೊರತಾಗಿಯೂ ಉಳಿದಿದೆ. ಹೊಡೆದುಹಾಕಲಿಲ್ಲ.

ನಮ್ಮ ಮಗಳು ಪ್ರಮಿತಾಳ ಮದುವೆಯ ಮಾತು ನಡೆದಿರುವುದು ನನಗೆ ತಿಳಿದಿದೆ. ತಿಳಿದದ್ದು ವೃತ್ತಿಯ ದಾರಿಯಿಂದ. ಹುಡುಗ ಸಿದ್ದಲಿಂಗೇಶನ ಸೋದರಮಾವ, ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆ ಇರುವ ಗುರುಲಿಂಗಯ್ಯ, ಹೋದ ವಾರ ನನ್ನ ಕೋಣೆಗೆ ಬಂದರು. ಸೇಡಂನ ವೆಂಕಟೇಶ ಎಂಬಾತ ಎಲ್ಲಿದ್ದಾನೆ, ಹೆಂಡತಿ ಮಗಳನ್ನು ಬಿಟ್ಟು ಯಾಕೆ ಇದ್ದಾನೆ, ಪತ್ತೆ ಮಾಡಿ ಎಂದರು.

ಎದುರಿಗೆ ಕುಳಿತವನೇ ವೆಂಕಟೇಶ ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಈ ಪತ್ತೇದಾರಿ ಕಚೇರಿಯನ್ನು ತೆರೆದವರು ಮೌಲಾಲಿ ಎಂಬ ನಿವೃತ್ತ ಪೊಲೀಸರು. ನಾನು ಅವರ ಸಹಾಯಕನಾಗಿದ್ದೆ. ಅವರು ತೀರಿಕೊಂಡ ಮೇಲೆ ಬೋರ್ಡು ಬದಲಿಸಲಿಲ್ಲ; ಕ್ರಮೇಣ ಊರಿಗೆ ನಾನೇ ಮೌಲಾಲಿಯಾದೆ. ಗಡ್ಡವೂ ಬಂದಿದೆ. ಕೆಲಸ ಮಾತ್ರ ಬರುತ್ತಿಲ್ಲ. ಹುಡುಗರ ನಡತೆ ತಿಳಿಯಲು ಈಗ ಅವರ ಮೊಬೈಲೇ ಸಾಕು. ಅರ್ಧ ಕೋಣೆಯನ್ನು ಝೆರಾಕ್ಸ್ ಅಂಗಡಿಗೆ ಬಿಟ್ಟುಕೊಟ್ಟಿದ್ದೇನೆ. ಇತ್ತೀಚೆಗೆ ಸಿಕ್ಕ ಒಂದೇ ಪ್ರಕರಣ ಚಿತ್ತಾಪುರದಲ್ಲಿ ಕಳೆದುಹೋದ ಎಮ್ಮೆಯದು. ಅದು ತಾನಾಗಿಯೇ ಮನೆಗೆ ಹೋಯಿತು.

"ನಮ್ಮೊಳಗಾದ್ರ ಒಬ್ಬಾಕಿ ಅತ್ತಿ, ಒಬ್ಬಾಕಿ ಚಿಗವ್ವ ಇರ್ತಾಳ್ರಿ. ಒಂದ್ ಫೋನ್ ಹಚ್ಚಿದ್ರ ಏಳ್ ತಲಿ ಸುದ್ದಿ ಬರ್ತದ," ಎಂದರು ಗುರುಲಿಂಗಯ್ಯ. "ಆಚಾರ್ರ ಮಂದ್ಯಾಗ ನಮಗ ಯಾರ ಗುರ್ತದಾರ? ಅದಕ್ಕ ನಿಮ್ ಕಡೆ ಬಂದೀನಿ ಮೌಲಾಲಿ ಸಾಬ್ರ. ಹುಡುಗಿ ಭಾಳ ಛಲೋ. ತಾಯಿನೂ ಛಲೋ. ಅಪ್ಪನ ಮಾತ ತಗದ್ರ ಚಾ ತರ್ತೀನಂತ ಒಳಗ ಹೋಗ್ತಾರ. ಆ ಮನಿಷ್ಯಾ ಎಂಥಾವ ಅಂತ ತಿಳೀದೆ ನಿಶ್ಚಯ ಇಲ್ಲ ಅಂತ ನಮ್ಮಕ್ಕ ಹಟ ಹಿಡದಾಳ."

ನೀನು ಒಳಗೆ ಹೋಗುವ ರೀತಿ ನನಗೆ ಕಂಡಿತು. ಕೆಲಸ ಒಪ್ಪಿಕೊಂಡೆ. ಬೇರೆಯವರ ಕೈಗೆ ಹೋಗಿದ್ದರೆ ಅವರು ಏನು ಬರೆಯುತ್ತಿದ್ದರೋ.

ನಿಯಮದಂತೆ ಸೇಡಂಗೂ ಬಂದಿದ್ದೆ. ನಿನ್ನ ಓಣಿಯ ಕಿರಾಣಿ ಅಂಗಡಿಯ ಜಾನಬಿಯನ್ನು ಕೇಳಿದೆ. ಅವಳಿಗೆ ನನ್ನ ಗುರುತು ಹತ್ತಲಿಲ್ಲ. "ಆ ಮನಿ ಗಂಡಸಾ? ಪಾಪದಾಂವ್ರಿ. ಇದ್ದಾಗೂ ಇಲ್ಲದಂಗ ಇದ್ದ," ಎಂದಳು. ವರದಿಯಲ್ಲಿ ಇದನ್ನು 'ಮಿತಭಾಷಿ' ಎಂದು ಬರೆದೆ. ದುಶ್ಚಟವಿಲ್ಲ, ಬೇರೆ ಸಂಸಾರವಿಲ್ಲ, ಕೆಲಸದ ನಿಮಿತ್ತ ಹೊರಗಿರುತ್ತಾನೆ ಎಂದೂ ಬರೆದೆ. ಒಂದೂ ಸುಳ್ಳಲ್ಲ.

ಗುರುಲಿಂಗಯ್ಯ ಓದಿ ಮಡಚಿಟ್ಟರು. "ಕಾಗದ ಬ್ಯಾಡ್ರಿ. ಆ ಮನಿಷ್ಯಾನ್ನ ತೋರ್ಸ್ರಿ. ದೂರಿಂದ ನೋಡಿದ್ರೂ ಸಾಕು."

ದೂರದಿಂದ ಎಂಬ ಮಾತನ್ನು ನಾನು ನಂಬಿದೆ. ನಿನ್ನೆ ಮಧ್ಯಾಹ್ನ ಅವರನ್ನು ವಾಡಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ರೈಲಿನಿಂದ ಇಳಿದವರಲ್ಲಿ ಮರ್ಯಾದಸ್ಥನಾಗಿ ಕಂಡ ಒಬ್ಬನನ್ನು ಇವನೇ ವೆಂಕಟೇಶ ಎಂದು ತೋರಿಸಿದೆ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪೇಪರು. ನಾನು ಇನ್ನೊಂದು ರೀತಿಯಲ್ಲಿ ಬದುಕಿದ್ದರೆ ಹಾಗೆ ಕಾಣುತ್ತಿದ್ದೆನೇನೋ.

ಆದರೆ ನಮ್ಮ ಸೀಮೆಯ ಮನುಷ್ಯ ಬೀಗನಾಗಬಹುದಾದವನನ್ನು ಕಂಡು ಚಹಾ ಕುಡಿಸದೆ ಕಳಿಸಲಾರ. ಈ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದರೂ ನನಗೆ ಅದು ಹೊಳೆಯಲಿಲ್ಲ. ಗುರುಲಿಂಗಯ್ಯ ಎರಡೂ ಕೈ ಚಾಚಿ ಆ ಮನುಷ್ಯನ ಕಡೆಗೆ ಧಾವಿಸಿದರು. ಬಿಳಿ ಅಂಗಿಯ ದಪ್ಪ ಆಸಾಮಿಯೊಬ್ಬ ತನ್ನತ್ತಲೇ ಬರುತ್ತಿರುವುದನ್ನು ನೋಡಿದ ಅವನು ಪೇಪರು ಬಿಸಾಡಿ ಓಡಿದ.

"ಬೀಗರ, ನಿಂದರ್ರಿ! ಚಾ ಕುಡದು ಹೋಗ್ರಿ!"

ಅವನು ಹಳಿ ದಾಟಿದ. ಇವರೂ ದಾಟಿದರು. ಧೋತರದ ತುದಿ ಒಂದು ಕಬ್ಬಿಣದ ಕಂಬಿಗೆ ಸಿಕ್ಕಿ ಹರಿಯಿತು. ಅವರು ತಿರುಗಿ ನೋಡಲಿಲ್ಲ. ಹೊರಗೆ ನಿಧಾನವಾಗಿ ತಿರುಗುತ್ತಿದ್ದ ಕಲ್ಲಿನ ಲಾರಿಯ ಹಿಂಬದಿಗೆ ಅವನು ಜೋತುಬಿದ್ದ. ನನ್ನ ಸ್ಕೂಟರು ಒಂದೇ ಒದೆತಕ್ಕೆ ಶುರುವಾಯಿತು, ಅದು ಹಾಗೆ ಮಾಡುವುದು ಅಪರೂಪ. ಗುರುಲಿಂಗಯ್ಯ ಹಿಂದೆ ಕುಳಿತು ನನ್ನ ಭುಜ ಹಿಡಿದಿದ್ದರು. ಅರ್ಧ ದಾರಿಗೆ ಅವರ ದನಿ ಬದಲಾಯಿತು.

"ಚಾಕ್ಕ ಕರದ್ರ ಓಡೋ ಮನಿಷ್ಯಾನ ಹೊಟ್ಟ್ಯಾಗ ಏನರೆ ಇರಬೇಕ್ರಿ. ಈ ಸಂಬಂಧ ಬ್ಯಾಡ ಅಂತ ಅಕ್ಕಗ ಹೇಳ್ತೀನಿ."

ನಾನು ಸ್ಕೂಟರಿನ ವೇಗ ಇನ್ನಷ್ಟು ಹೆಚ್ಚಿಸಿದೆ. ಮಗಳ ಮದುವೆ ಒಬ್ಬ ಅಪರಿಚಿತನ ಕಾಲಿನ ವೇಗದ ಮೇಲೆ ನಿಂತಿತ್ತು.

ಲಾರಿ ಶಹಾಬಾದದಲ್ಲಿ ಒಂದು ಕಾರ್ಖಾನೆಯ ಗೇಟಿನೊಳಗೆ ಹೋಯಿತು. ಕಾರ್ಖಾನೆ ಗುರುಲಿಂಗಯ್ಯನವರದೇ. ಲಾರಿಯೂ ಅವರದೇ. ಆ ಮನುಷ್ಯ ಹಾರಿದ, ಪಾಲಿಶ್ ಮಷಿನ್ನಿನ ರಾಡಿ ಹರಿದು ಸೇರುವ ಹೊಂಡದ ಅಂಚಿನಲ್ಲಿ ಜಾರಿದ. ಹಿಡಿಯಲು ಹೋದ ನಾನು ಹೊಂಡಕ್ಕೆ ಬಿದ್ದೆ; ಅವನು ಬೀಳಲಿಲ್ಲ. ಅಂಚಿನಲ್ಲಿ ಕುಳಿತು ಕೈ ಮುಗಿದ.

"ಟಿಕೀಟ್ ತಗೊಂಡಿಲ್ರಿ ಸಾಹೇಬ್ರ. ಚಿತ್ತಾಪುರದಿಂದ ವಾಡಿ ಇಲ್ಲೇ ಅದಲಾ ಅಂತ ಹತ್ತೀನಿ. ದಂಡ ಹಾಕಬ್ಯಾಡ್ರಿ."

ಹೆಸರು ಕೇಳಿದರೆ ಅಂಬರಾಯ ಎಂದ. ಮಗಳಿದ್ದಾಳೇನು ಎಂದು ಕೇಳಿದರೆ ಮದುವೆಯೇ ಆಗಿಲ್ಲ ಎಂದ.

ಗುರುಲಿಂಗಯ್ಯ ನನ್ನ ಕಡೆ ತಿರುಗಿದರು. "ಮತ್ತ ವೆಂಕಟೇಶ ಎಲ್ಲಿ ಅದಾನ್ರಿ?"

ಸೊಂಟದವರೆಗೆ ಬೂದುಬಣ್ಣದ ರಾಡಿಯಲ್ಲಿ ನಿಂತವನಿಗೆ ಮುಚ್ಚಿಡಲು ಹೆಚ್ಚೇನೂ ಉಳಿಯುವುದಿಲ್ಲ. "ಇಲ್ಲೇ ಅದಾನ್ರಿ," ಎಂದೆ.

ಬೈಯುತ್ತಾರೆಂದುಕೊಂಡೆ. ಅವರು ಕೆಲಸದವರನ್ನು ಕರೆದು ಎರಡು ಬಕೆಟ್ ನೀರು, ಮೂರು ಚಹಾ ತರಿಸಿದರು. ಅಂಬರಾಯನೂ ಕುಡಿದ.

"ಸುಳ್ಳ ಹೇಳಿದ್ದಕ್ಕ ಸಿಟ್ಟದ," ಎಂದರು ಆಮೇಲೆ. "ಆದ್ರ ಅಕ್ಕ ಕೇಳೂದು ಒಂದೇ. ಮಗಳ್ನ ಧಾರಿ ಎರಿಯಾಕ ಬರ್ತೀರೋ ಇಲ್ಲೋ? ಬರ್ತೀರಂದ್ರ ಉಳದದ್ದು ನಾ ನೋಡ್ಕೋತೀನಿ."

"ಕರದ್ರ ಬರ್ತೀನ್ರಿ."

"ಮಗಳ ಮದಿವಿಗಿ ಅಪ್ಪಗ ಕರೀಬೇಕೇನ್ರಿ ಬೀಗರ?"

ನಿನ್ನನ್ನು ಕೇಳಿ ಹೇಳುತ್ತೇನೆಂದೆ. ಅವರು ಭಾನುವಾರ ಸೇಡಂಗೆ ಬಂದು ನಿನ್ನ ಎದುರು ಇದನ್ನೇ ಕೇಳುತ್ತಾರೆ. ಆಗ ಚಹಾ ತರಲು ಒಳಗೆ ಹೋಗಬೇಡ. ಬೇಡ ಎನ್ನುವುದಾದರೆ ಬೇಡ ಎಂದೇ ಹೇಳು. ಅವರಿಗೆ ಬೇರೊಂದು ಕಾರಣ ಹುಡುಕಿ ಕೊಡುವುದು ನನ್ನ ಕೆಲಸ, ಅಷ್ಟು ಬರುತ್ತದೆ. ಬಾ ಎನ್ನುವುದಾದರೆ ಗಡ್ಡ ತೆಗೆಯಬೇಕೋ ಇಡಬೇಕೋ ಅದನ್ನೂ ಹೇಳು.

ಹುಡುಗನನ್ನು ಕೂಡ ನೋಡಿದೆ. ಯಾರೂ ಹೇಳಿರಲಿಲ್ಲ, ನಾನೇ ಹಿಂಬಾಲಿಸಿದೆ. ಚಿಂಚೋಳಿಯಲ್ಲಿ ಮಾಸ್ತರ. ರಸ್ತೆ ದಾಟುವಾಗ ಎರಡೂ ಕಡೆ ನೋಡುತ್ತಾನೆ. ನನಗೆ ಸಾಕು.

ಇತಿ,
ವೆಂಕಟೇಶ

ತಾ.ಕ.: ವಾಡಿಯ ಈ ಕೋಣೆಯ ವಿಳಾಸ ಕೊಟ್ಟವರು ಯಾರು ಎಂದು ಹೊರಡುವಾಗ ಗುರುಲಿಂಗಯ್ಯನವರನ್ನು ಕೇಳಿದೆ. ಅವರು ತಂದೆಯ ವಿಚಾರ ತೆಗೆದ ದಿನ ಪ್ರಮಿತಾ ಒಬ್ಬಳೇ ಬಾಗಿಲವರೆಗೆ ಬಂದು, ವಾಡಿಯಲ್ಲಿ ಮೌಲಾಲಿ ಎಂಬವರಿದ್ದಾರೆ, ಅವರಿಗೇ ಕೆಲಸ ಕೊಡಿ, ಬೇರೆ ಯಾರಿಗೂ ಬೇಡ ಎಂದಳಂತೆ. ನಾನಿಲ್ಲಿ ಇರುವುದು ನಿನಗೂ ಗೊತ್ತಿರಲಿಲ್ಲ. ಹೇಗೆ ಪತ್ತೆ ಮಾಡಿದೆ ಎಂದು ಅವಳನ್ನು ಕೇಳಬೇಡ. ಈ ಕೆಲಸ ಮಾಡುವವರನ್ನು ಅದೊಂದು ಕೇಳುವುದಿಲ್ಲ.