ಕಾರ್ಪೆಟ್ಟಿನಲ್ಲಿ ಹೋದ ಸ್ಪ್ರಿಂಗು

ಮಾರ್ಚ್ 3, ಮಂಗಳವಾರ

ಮತ್ತೆ ಬೇಸ್‌ಮೆಂಟ್. ಮತ್ತೆ ಅದೇ ವಾಸನೆ — ಎಣ್ಣೆ, ಸುಟ್ಟ ಪ್ಲಾಸ್ಟಿಕ್, ನನ್ನದೇ ಬೆವರು. ಮಗಳಿಗೆಂದು ಕೊಂಡ ಪಿಸ್ತೂಲು, ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. ಯಾಕೆ ಅಗ್ಗ ಎಂದು ಬಿಚ್ಚಿದ ಮೇಲೆ ತಿಳಿಯಿತು. ಒಳಗೆಲ್ಲ ಅರದ ಗೀರು. ಟ್ರಿಗರ್ ಎಳೆದರೆ ಮರಳಿನ ಮೇಲೆ ಕುರ್ಚಿ ಎಳೆದ ಹಾಗೆ. ಹೇಸಿಗೆ.

ಮೂವತ್ತೊಂದು ವರ್ಷ ಓಹಾಯೋದ ಹುಡುಗರಿಗೆ ರೇಖಾಗಣಿತ ಕಲಿಸಿದವನು. ಇಷ್ಟು ಕಬ್ಬಿಣಕ್ಕೆ ನೇರ ಗೆರೆ ಕಲಿಸಲಾರೆನೇ? ಯೂಟ್ಯೂಬಿನ ಗಡ್ಡದವನು ಹನ್ನೊಂದು ನಿಮಿಷದಲ್ಲಿ ಮುಗಿಸಿದ. ನನಗಿದು ಆರನೆಯ ದಿನ.

ಮಗಳು ಕಾರಿನ್ ನರ್ಸು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾಳೆ, ಕೌಂಟಿಯ ಆ ತುದಿಗೆ, ಒಬ್ಬಳೇ. ಜನವರಿಯಲ್ಲಿ ಒಬ್ಬ ರೋಗಿಯ ಅಳಿಯ ಅವಳ ಕಾರಿಗೆ ಅಡ್ಡ ನಿಂತಿದ್ದನಂತೆ. ಬರುವ ತಿಂಗಳು ಹುಟ್ಟುಹಬ್ಬ. ಅಂಗಡಿಯದ್ದನ್ನು ಹಾಗೇ ಎತ್ತಿ ಕೊಡುವುದಕ್ಕೆ ಅಪ್ಪ ಯಾಕೆ ಬೇಕು.

ಮಾರ್ಚ್ 7, ಶನಿವಾರ, ಬೆಳಿಗ್ಗೆ 10

ಹಿಡಿ ಜಾರುತ್ತದೆಂದು ಬೆಸುಗೆ ಕಡ್ಡಿ ಕಾಯಿಸಿ ಚುಕ್ಕಿ ಚುಚ್ಚಿದೆ. ಗಡ್ಡದವನದು ಮೊಸಳೆ ಚರ್ಮದ ಹಾಗೆ ಬಂದಿತ್ತು. ನನ್ನದಕ್ಕೆ ಸಿಡುಬು.

ಪಕ್ಕದ ಮನೆಯ ಡೆಲ್ಮರ್ ಏಣಿ ವಾಪಸು ಕೊಡುವ ನೆಪದಲ್ಲಿ ಇಳಿದು ಬಂದ. ಸ್ಕೂಲ್ ಬಸ್ ರಿಪೇರಿ ಮಾಡಿ ರಿಟೈರ್ ಆದವನು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡರೆ ಅವನಿಗೆ ಹಬ್ಬ.

"ಏನ್ ಮೇಷ್ಟ್ರೇ, ಇದನ್ನ ಡಾಕ್ಟ್ರಿಗೆ ತೋರಿಸಿದ್ರಾ?"

"ಹಿಡಿತ ಚೆನ್ನಾಗಿರತ್ತೆ ಮಾರಾಯ."

"ಹೌದೌದು. ಕಳ್ಳ ನೋಡಿದ್ರೆ ಸಾಕು, ಅಂಟುಜಾಡ್ಯ ಅಂತ ಓಡೋಗ್ತಾನೆ. ಗುಂಡು ಉಳೀತು."

ಅವನ ನಗುವಿಗೂ ಡೀಸೆಲ್ ವಾಸನೆ.

ಮಾರ್ಚ್ 8, ಭಾನುವಾರ

ಬಣ್ಣ ಹೊಡೆದು ಓವನ್ನಿನಲ್ಲಿ ಒಂದು ಗಂಟೆ ಬೇಯಿಸಿ ಎಂದಿತ್ತು, ಡಬ್ಬಿಯ ಮೇಲೆ. ಹೆಂಡತಿ ಆರ್ಡಿತ್ ಚರ್ಚಿಗೆ ಹೋದಾಗ ಪಿಸ್ತೂಲಿನ ಕಬ್ಬಿಣದ ಭಾಗವನ್ನು ಬೇಯಿಸಿದೆ. ಹಸಿರೆಂದು ಕೊಂಡ ಬಣ್ಣ, ಹಳಸಿದ ಬಟಾಣಿ ಸೂಪಿನ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನ ಅದೇ ಓವನ್ನಿನಲ್ಲಿ ಮೀಟ್‌ಲೋಫ್. ಇಬ್ಬರೂ ಒಂದೊಂದು ತುತ್ತು. ಆರ್ಡಿತ್ ಫೋರ್ಕ್ ಕೆಳಗಿಟ್ಟಳು.

"ವರ್ಲಿನ್, ನಾನು ಊಟ ಮಾಡ್ತಾ ಇದೀನಾ, ಗ್ಯಾರೇಜ್ ಬಾಗಿಲು ನೆಕ್ತಾ ಇದೀನಾ?"

ಮಾಂಸ ಹಳೇದಿರಬೇಕು ಎಂದೆ. ಅಂಗಡಿಯವನಿಗೆ ಫೋನ್ ಮಾಡಿ ಬೈದಳು, ಪಾಪ. ನಾಯಿ ಮೂಸಿ ನೋಡಿ ಆಚೆ ಹೋಯಿತು. ಮನೆಯಲ್ಲಿ ಮರ್ಯಾದೆ ಉಳಿದಿರುವುದು ಅದಕ್ಕೊಂದಕ್ಕೆ.

ಮಾರ್ಚ್ 14, ಶನಿವಾರ

ಒಳಗೆಲ್ಲ ಉಜ್ಜಿ ಹೊಳಪು ತಂದೆ. ಜೋಡಿಸುವಾಗ ಒಂದು ಸ್ಪ್ರಿಂಗ್, ಅಕ್ಕಿ ಕಾಳಿಗಿಂತ ತುಸು ದೊಡ್ಡದು, ಟಿಣ್ ಎಂದು ಹಾರಿತು. ಕಾರ್ಪೆಟ್ ಮೇಲೆ ಎರಡು ಗಂಟೆ ಮಂಡಿಯೂರಿದೆ. ಸಿಕ್ಕಿದ್ದು — ನಾಯಿ ಕೂದಲು, ಯಾರದೋ ಉಗುರು, ಒಣದ್ರಾಕ್ಷಿಯೇ ಆಗಿರಲಿ ಎಂದು ನಾನು ಹಾರೈಸಿದ ಏನೋ ಒಂದು.

ಅದಿಲ್ಲದೇ ಜೋಡಿಸಿದೆ. ಎಳೆದೆ — ಟಕ್. ಮತ್ತೆ — ಟಕ್. ಬೆಣ್ಣೆ. ಬೇರೆಯಾಗಿ ತರಿಸಿದ್ದ ಸ್ಪ್ರಿಂಗುಗಳ ಪೊಟ್ಟಣದಲ್ಲಿ ಹೆಚ್ಚಿಗೆ ಇದ್ದದ್ದೇ ಹಾರಿರಬೇಕು. ಹೌದು, ಹಾಗೇ ಇರಬೇಕು.

ಪ್ರಮೇಯದ ಕೊನೆಗೆ "ಹಾಗೇ ಇರಬೇಕು" ಎಂದು ಬರೆದ ಹುಡುಗರಿಗೆ ಸೊನ್ನೆ ಕೊಡುತ್ತಿದ್ದೆ. ಸಾಧನೆ ಎಲ್ಲಿ ಅಂತ.

ಏಪ್ರಿಲ್ 11, ಶನಿವಾರ

ಕೊಟ್ಟೆ. ಕಾರಿನ್ ಡಬ್ಬ ತೆರೆದು ಪಿಸ್ತೂಲನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಆಮೇಲೆ ತಬ್ಬಿಕೊಂಡಳು. "ನೀನೇ ಮಾಡಿದ್ದಾ ಅಪ್ಪಾ? ಎಲ್ಲಾನೂ?"

ಎಲ್ಲಾನೂ.

ಏಪ್ರಿಲ್ 25, ಶನಿವಾರ

ವರಾಂಡದಲ್ಲಿ ಡೆಲ್ಮರ್ ಕೂತಿದ್ದಾಗಲೇ ಕಾರಿನ್ ಬಂದಳು. "ಟ್ರಿಗರ್ ಬೆಣ್ಣೆ ಹಂಗಿದೆ ಡೆಲ್ಮರ್ ಅಂಕಲ್. ಅಪ್ಪನ ಕೈ." ಡೆಲ್ಮರ್ ಕಾಫಿಯೊಳಗೆ ಬಗ್ಗಿ ನೋಡಿದ, ಉತ್ತರ ತಳದಲ್ಲಿದೆಯೇನೋ ಎಂಬಂತೆ. ಎರಡು ಇಂಚು ಬೆಳೆದೆ.

ಮೇ 9, ಶನಿವಾರ, ಬೆಳಿಗ್ಗೆ 11

ವ್ಯಾಕ್ಯೂಮ್ ಕ್ಲೀನರಿನ ಚೀಲ ಪೇಪರಿನ ಮೇಲೆ ಸುರಿದೆ. ಬೂದು ಬಣ್ಣದ ಕೂದಲ ಮುದ್ದೆ, ವಾಕರಿಕೆ ಬರಿಸುವಂಥದ್ದು. ಅದರ ಹೊಟ್ಟೆಯಲ್ಲಿ ಸ್ಪ್ರಿಂಗು. ತುದಿಗೆ ಕೆಂಪು ಬಣ್ಣ. ಪೊಟ್ಟಣದವುಗಳಲ್ಲಿ ಯಾವುದಕ್ಕೂ ಬಣ್ಣವಿಲ್ಲ.

ಕಂಪನಿಯ ಪುಸ್ತಕವನ್ನು ಮೊದಲ ಸಲ ಪೂರ್ತಿ ಓದಿದೆ. ಪಿಸ್ತೂಲು ಕೈಜಾರಿ ಬಿದ್ದರೆ ತಾನಾಗಿ ಸಿಡಿಯದಂತೆ ತಡೆಯುವ ತುಂಡೊಂದಿದೆ. ಅದನ್ನು ಒತ್ತಿ ಹಿಡಿಯುವುದು ಈ ಸ್ಪ್ರಿಂಗು.

ನಾಲ್ಕು ವಾರ. ಅವಳ ಬ್ಯಾಗಿನಲ್ಲಿ, ಥರ್ಮಾಮೀಟರಿನ ಪಕ್ಕ. ಕಂಡವರ ಅಡುಗೆಮನೆ ಟೇಬಲ್ಲಿನ ಮೇಲೆ ಆ ಬ್ಯಾಗನ್ನು ಧಪ್ಪೆಂದು ಇಡುವವಳು ಅವಳು.

ಮೂರು ಸಲ ಕಾರಿನ್ ಫೋನ್ ಎತ್ತಲಿಲ್ಲ. ನಾಲ್ಕನೆಯ ಸಲ:

"ಗುಂಡು ತೆಗೆದಿಡು. ಬೀಳಿಸ್ಬೇಡ. ಸಂಜೆ ತಗೊಂಡು ಬಾ."

"ಯಾಕಪ್ಪಾ?"

"ಎಣ್ಣೆ ಹಾಕೋದಿದೆ."

ಎಣ್ಣೆಯಂತೆ. ಥೂ.

ಸಂಜೆ 6

ಬಂದಳು. ಅಮ್ಮನ ಜೊತೆ ಮೇಲೆ ಮಾತಾಡುತ್ತ ನಿಂತಳು. ಕೆಳಗೆ ತಂದು ಬಿಚ್ಚಿದೆ.

ಸ್ಪ್ರಿಂಗ್ ಇದೆ. ಇರಬೇಕಾದ ಜಾಗದಲ್ಲಿ, ತುದಿಗೆ ಕೆಂಪು ಬಣ್ಣ. ಟ್ರಿಗರ್ ಹೊಸದು. ನಾನು ಉಜ್ಜಿದ ಒಂದು ತುಂಡೂ ಇಲ್ಲ. ಡಬ್ಬದ ಸ್ಪಂಜಿನ ಅಡಿಯಲ್ಲಿ ಬಂದೂಕು ರಿಪೇರಿಯವನ ಚೀಟಿ. ಏಪ್ರಿಲ್ 13 — ಹುಟ್ಟುಹಬ್ಬ ಕಳೆದು ಎರಡೇ ದಿನ. "ಒಳಭಾಗ ಪೂರ್ತಿ ಬದಲಿಸಿದೆ. ಒಂದು ಸ್ಪ್ರಿಂಗ್ ಇರಲಿಲ್ಲ. ಬಣ್ಣಕ್ಕೆ ನಾವು ಜವಾಬ್ದಾರರಲ್ಲ."

ಬೆಣ್ಣೆ ಅವನದು. ಸಿಡುಬು, ಬಟಾಣಿ ಸೂಪು ನನ್ನವು.

"ಆಯ್ತಾ ಅಪ್ಪಾ?" ಮೆಟ್ಟಿಲ ಮೇಲಿಂದ. "ಏನಾದ್ರೂ ಇತ್ತಾ?"

"ಏನಿಲ್ಲ ಕಣೇ. ಧೂಳು."

"ಮತ್ತೆ. ನೀನು ಮಾಡಿದ್ದು ಯಾಕೆ ಕೆಡತ್ತೆ?"

ಅವಳ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಚೀಟಿಯನ್ನು ಇದ್ದ ಹಾಗೇ ಸ್ಪಂಜಿನಡಿ ಇಟ್ಟೆ. ಅವಳು ಹೋದ ಮೇಲೆ ಕೈ ತೊಳೆದೆ, ಮೂರು ಸಲ. ವಾಸನೆ ಹೋಗಿಲ್ಲ.

ಮೇ 10, ಭಾನುವಾರ, ಮಧ್ಯಾಹ್ನ 3

ಡೆಲ್ಮರ್ ಬಂದ. ಏಣಿ ಇಲ್ಲ, ನಗು ಇಲ್ಲ. ಕಂಕುಳಲ್ಲಿ ಟವೆಲ್ ಸುತ್ತಿದ ಡಬ್ಬ.

"ಮೇಷ್ಟ್ರೇ... ನಮ್ಮವಳ ಪಿಸ್ತೂಲು. ಟ್ರಿಗರ್ ಬಿಗಿ, ಅವಳ ಬೆರಳಿಗೆ ಆಗಲ್ಲ. ಕಾರಿನ್‌ಗೆ ಮಾಡ್ಕೊಟ್ರಲ್ಲ, ಹಂಗೇ ಒಂಚೂರು—"

ಈ ಮುಖ ನೋಡಲು ಎರಡು ತಿಂಗಳು ಕಾದಿದ್ದೆ. ಜೇಬಿನಿಂದ ಸ್ಪ್ರಿಂಗ್ ತೆಗೆದು ಟೇಬಲ್ಲಿನ ಮೇಲಿಟ್ಟೆ.

"ಕೂತ್ಕೋ ಡೆಲ್ಮರ್. ಇದೆಲ್ಲಿ ಸಿಕ್ತು ಹೇಳ್ತೀನಿ."

ಎಲ್ಲ ಹೇಳಿದೆ. ಕಾರ್ಪೆಟ್, ಚೀಲ, ಚೀಟಿ. ಕೆಟ್ಟ ಬಣ್ಣವನ್ನು ಓವನ್ನಿನಲ್ಲಿ ಬೇಯಿಸಿದ್ದು ಕೂಡ. ನಗು ಮಾರಾಯ ಎಂದೆ. ನಗಲಿಲ್ಲ. ಟವೆಲನ್ನು ಮತ್ತೆ ಸುತ್ತಿದ, ಮಗು ಮಲಗಿಸಿದ ಹಾಗೆ ಮೆಲ್ಲಗೆ. ಆಮೇಲೆ ನನ್ನ ಹಿಂದಕ್ಕೆ ನೋಡಿದ. ತಿರುಗಿದೆ. ಮೆಟ್ಟಿಲ ಮೇಲೆ ಆರ್ಡಿತ್.

"ಯಾವ ಓವನ್, ವರ್ಲಿನ್?"